‘ಶೋಲೆ’ಯ ಧ್ವನಿಮುದ್ರಿಕೆಗಳು: ವಿಮರ್ಶಕರ ತೀರ್ಪು, ರಸಿಕರ ತೀರ್ಪು

೧

ಒಂದು ಕಲಾಕೃತಿಯು ಹೊರಬಂದೊಡನೆ ಅದನ್ನು ಕುರಿತು ಎರಡು ಬಗೆಯ ತೀರ್ಪುಗಳು ಹುಟ್ಟುತ್ತವೆ. ಒಂದು ಪತ್ರಿಕೆಗಳಲ್ಲಿ ಬರೆಯುವ ವಿಮರ್ಶಕರದು. ಮತ್ತೊಂದು ಹಣ ಕೊಟ್ಟು ನೋಡುವ, ಕೇಳುವ ಜನರದು. ಇವೆರಡೂ ಹೊಂದಿಕೊಂಡಾಗ ವಿಚಾರಕ್ಕೆ ಅವಕಾಶ ಕಡಮೆ. ಭಿನ್ನವಾದಾಗಲಾದರೋ ಯಾರ ತೀರ್ಪು ನಿಲ್ಲತಕ್ಕದ್ದು, ಏಕೆ ನಿಲ್ಲತಕ್ಕದ್ದು ಎಂಬ ಪ್ರಶ್ನೆ ಏಳುತ್ತದೆ. ಸಾಹಿತ್ಯದ ತರಗತಿಯಲ್ಲಿ ಈ ಪ್ರಶ್ನೆಯನ್ನು ನಾವು ಕಾವ್ಯ, ನಾಟಕಗಳಿಗೆ ಸಂಬಂಧಿಸಿದಂತೆ ಎತ್ತುತ್ತೇವೆ. ಚಲನಚಿತ್ರಕ್ಕೂ ಗ್ರಾಮಾಫೋನ್ ತಟ್ಟೆಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಅಷ್ಟೇ ಅಲ್ಲ, ಅಲ್ಲಿ ಸಾಕ್ಷ್ಯವು ಹೆಚ್ಚು ನಿಚ್ಚಳವಾಗಿ ದೊರೆಯುತ್ತದೆ. ಎಷ್ಟು ವಾರ ಓಡಿತು, ತಟ್ಟೆ ಖರ್ಚಾಯಿತೆ ಇಲ್ಲವೆ ಎಂಬುದನ್ನು ವ್ಯಾಪಾರಿಗಳು ಲೆಕ್ಕವಿಟ್ಟು ಹೇಳುತ್ತಾರೆ.

ಇಂಥ ವಿಚಾರಕ್ಕೆ ಯೋಗ್ಯವಾದ ಉದಾಹರಣೆಯೊಂದು ನಮ್ಮ ನೆರೆಯಲ್ಲಿಯೇ ಇದೆ. ರಾಮನಗರದ ಬೆಟ್ಟಗಳ ನಡುವೆ ಚಿತ್ರಿತವಾಗಿ ೧೯೭೫ರ ಆಗಸ್ಟ್ ೧೫ರಂದು ಬಿಡುಗಡೆಯಾದ ‘ಶೋಲೆ’ ಎಂಬ ಹಿಂದೀ ಚಿತ್ರವೂ, ಅದರಿಂದ ಹುಟ್ಟಿದ ಎರಡು ಧ್ವನಿಮುದ್ರಿಕೆಗಳೂ ಆ ಉದಾಹರಣೆ. ಚಿತ್ರದ ಕಥೆಯನ್ನಾಗಲಿ ನಟರ ಹಿರಿಮೆಯನ್ನಾಗಲಿ ವರ್ಣಿಸುವುದು ಈ ಲೇಖನದ ಉದ್ದೇಶವಲ್ಲ. ಕೃತಿಯೊಂದನ್ನು ಸಮಾಜವು ಹೇಗೆ ಸ್ವೀಕರಿಸುತ್ತದೆ, ಆ ಸ್ವೀಕಾರದಲ್ಲಿ ಕಿವಿಯ ಪಾತ್ರವೇನು ಎಂಬಷ್ಟನ್ನು ವಿವೇಚಿಸುವುದೇ ಇಲ್ಲಿನ ಪ್ರಯತ್ನ.

೨

ಮೊದಲು ಸ್ಥಳದ ವಿಚಾರ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು ಐವತ್ತು ಕಿಲೋಮೀಟರು ಸಾಗಿದರೆ ರಾಮನಗರ ಸಿಗುತ್ತದೆ. ಬ್ರಿಟಿಷರ ಕಾಲದಲ್ಲಿ ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರಿನಿಂದ ಇದು ಕ್ಲೋಸ್‌ಪೇಟೆ ಎನಿಸಿತ್ತು. ಭೂವಿಜ್ಞಾನಿಗಳು ಇಲ್ಲಿನ ಬಂಡೆಗಳನ್ನು ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದೇ ಕರೆಯುತ್ತಾರೆ. ಇದರ ವಯಸ್ಸು ಸುಮಾರು ೨೫೦ ಕೋಟಿ ವರ್ಷಗಳೆಂದು ಗಣಿಸಿದ್ದಾರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಸೇರಿ ೨೦೦೭ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಡಲು ೨೦೨೫ರಲ್ಲಿ ರಾಜ್ಯದ ಸಚಿವ ಸಂಪುಟವು ತೀರ್ಮಾನಿಸಿತು. ರೇಷ್ಮೆಗೂಡು, ಚನ್ನಪಟ್ಟಣದ ಅರಗಿನ ಬಣ್ಣದ ಬೊಂಬೆ, ಮಾಗಡಿಯ ಕೆಂಪೇಗೌಡರ ನೆನಪು, ಇವುಗಳಿಂದ ಈ ಸೀಮೆಯನ್ನು ಗುರುತಿಸುವವರು ನಾವು. ದೇಶದ ಇತರ ಭಾಗಗಳ ಜನ ಗುರುತಿಸುವುದಾದರೋ ಬೇರೆಯೇ ಕಾರಣದಿಂದ.

ನಿರ್ದೇಶಕ ರಮೇಶ್ ಸಿಪ್ಪಿಯವರು ೧೯೭೩ರ ಅಕ್ಟೋಬರಿನಲ್ಲಿ ಇಲ್ಲಿ ಚಿತ್ರೀಕರಣವನ್ನಾರಂಭಿಸಿದರು. ಕಲಾನಿರ್ದೇಶಕ ರಾಮ್ ಯೇಡೇಕರರು ರಾಮದೇವರ ಬೆಟ್ಟದ ಬಳಿ ‘ರಾಮಗಢ’ವೆಂಬ ಕಲ್ಪಿತ ಗ್ರಾಮವನ್ನು ಕಟ್ಟಿಸಿದರು. ಅಲ್ಲಿಗೆ ಹೋಗಿಬರಲು ಹೆದ್ದಾರಿಯಿಂದ ದಾರಿಯನ್ನೂ ಮಾಡಬೇಕಾಯಿತು. ಛಾಯಾಗ್ರಾಹಕರು ದ್ವಾರಕಾ ದಿವೇಚಾ. ಕಥೆ ಮತ್ತು ಸಂಭಾಷಣೆ ಸಲೀಂ–ಜಾವೇದ್ ಜೋಡಿಯದು. ಸಂಗೀತ ರಾಹುಲ್ ದೇವ್ ಬರ್ಮನ್ನರದು. ಹಾಡುಗಳನ್ನು ಬರೆದವರು ಆನಂದ್ ಬಕ್ಷಿ. ಎಪ್ಪತ್ತು ಮಿಲಿಮೀಟರಿನ ಹಿರಿಯ ತೆರೆ, ಹಲವು ದಿಕ್ಕುಗಳಿಂದ ಕೇಳಿಬರುವ ಸ್ಟೀರಿಯೊಫೋನಿಕ್ ಧ್ವನಿ, ಇವು ಆ ಕಾಲದ ಹಿಂದೀ ಪ್ರೇಕ್ಷಕನಿಗೆ ಹೊಸ ಅನುಭವ. ಕನ್ನಡ ನಾಡಿನ ಬೆಟ್ಟವು ಉತ್ತರದ ಹಳ್ಳಿಯಾಗಿ ವೇಷ ಹಾಕಿತು. ಚಿತ್ರದೊಳಗೆ ರಾಮನಗರದ ಹೆಸರಿಲ್ಲ. ಕನ್ನಡದ ಮಾತೂ ಇಲ್ಲ.

೩

ಚಿತ್ರವು ಬಿಡುಗಡೆಯಾದಾಗ ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಸೆನ್ಸಾರ್ ಮಂಡಳಿಯ ಒತ್ತಾಯದಿಂದ ಮುಕ್ತಾಯವನ್ನು ಬದಲಿಸಬೇಕಾಯಿತು. ಕೈಗಳನ್ನು ಕಳೆದುಕೊಂಡ ಠಾಕೂರನು ದರೋಡೆಕೋರನನ್ನು ತಾನೇ ಕೊಲ್ಲುವುದು ಮೂಲದ ಯೋಜನೆ. ತೆರೆಗೆ ಬಂದದ್ದು ಪೋಲೀಸರು ಅವನನ್ನು ಸೆರೆಹಿಡಿಯುವ ಮುಕ್ತಾಯ.

ಮೊದಲ ವಿಮರ್ಶೆಗಳು ಅನುಕೂಲವಾಗಿರಲಿಲ್ಲ. ಅವುಗಳ ಮುಖ್ಯ ಆಕ್ಷೇಪಗಳನ್ನು ಮೂರಾಗಿ ಸಂಗ್ರಹಿಸಬಹುದು. ಇದು ಅಮೆರಿಕದ ಕುದುರೆ–ಬಂದೂಕಿನ ಚಿತ್ರಗಳ ಅನುಕರಣ, ಅತ್ತ ಅಮೆರಿಕದ್ದೂ ಅಲ್ಲ, ಇತ್ತ ನಮ್ಮದೂ ಅಲ್ಲ ಎಂಬುದು ಒಂದು. ಹಿಂಸೆಯ ಚಿತ್ರಣ ಅತಿಯಾಯಿತೆಂಬುದು ಎರಡನೆಯದು. ಇಷ್ಟೊಂದು ವೆಚ್ಚಕ್ಕೆ ತಕ್ಕ ಜೀವ ಕೃತಿಯಲ್ಲಿಲ್ಲವೆಂಬುದು ಮೂರನೆಯದು. ವ್ಯಾಪಾರ ವಲಯವೂ ಸಂದೇಹದಲ್ಲಿತ್ತು. ಹೊಸಬರಾದ ಅಮ್ಜದ್ ಖಾನರ ಧ್ವನಿಯು ಖಳನಾಯಕನಿಗೆ ಒಪ್ಪುವುದಿಲ್ಲವೆಂಬ ಮಾತು ಹಬ್ಬಿತು. ದುಃಖಾಂತವನ್ನು ತೆಗೆದು ಮತ್ತೊಂದು ಮುಕ್ತಾಯವನ್ನು ಚಿತ್ರಿಸಿ ಸೇರಿಸಬೇಕೆಂಬ ಯೋಚನೆಯೂ ನಿರ್ಮಾಪಕರಿಗೆ ಬಂದಿತ್ತು. ಕೆಲವು ದಿನ ಕಾದು ನೋಡೋಣವೆಂದು ಅದನ್ನು ಕೈಬಿಟ್ಟರು.

ಪ್ರೇಕ್ಷಕರ ಪ್ರತಿಕ್ರಿಯೆಯೂ ಮೊದಲಿಗೆ ತಿಳಿಯಲಿಲ್ಲ. ಚಿತ್ರಮಂದಿರಗಳಲ್ಲಿ ಚಪ್ಪಾಳೆಯಿಲ್ಲ, ಸಿಳ್ಳಿಲ್ಲ, ಬರಿಯ ಮೌನ. ಈ ಮೌನವನ್ನು ಸೋಲಿನ ಗುರುತೆಂದು ಹಲವರು ಬಗೆದರು. ಮುಂಬಯಿಯ ಚಿತ್ರಮಂದಿರವೊಂದರ ಮಾಲೀಕರು ಮಾತ್ರ ಬೇರೆ ಅರ್ಥ ಹೇಳಿದರೆಂಬುದು ಪ್ರಸಿದ್ಧವಾದ ವೃತ್ತಾಂತ. ವಿರಾಮದಲ್ಲಿ ಐಸ್‌ಕ್ರೀಂ, ತಂಪು ಪಾನೀಯಗಳ ವ್ಯಾಪಾರ ಇಳಿದುಹೋಗಿದೆ, ಜನ ಕುರ್ಚಿಯಿಂದ ಏಳುತ್ತಿಲ್ಲ, ಆದ್ದರಿಂದ ಚಿತ್ರ ಗೆದ್ದಿದೆ ಎಂಬುದು ಅವರ ತರ್ಕ. ಚಮತ್ಕಾರಕ್ಕಾಗಿ ಹೇಳಿದ ಮಾತಿದು ಎನಿಸಬಹುದು. ಆದರೆ ಪದ್ಧತಿಯ ದೃಷ್ಟಿಯಿಂದ ಇದರಲ್ಲಿ ಒಂದು ಪಾಠವಿದೆ. ವಿಮರ್ಶಕನು ತೆರೆಯನ್ನು ನೋಡುತ್ತಿದ್ದನು. ಮಾಲೀಕನು ಪ್ರೇಕ್ಷಕನನ್ನು ನೋಡುತ್ತಿದ್ದನು. ಮಾತಿನಿಂದ ಹೊರಬೀಳದ ಸ್ವೀಕಾರವನ್ನು ಅಳೆಯಲು ಇಂಥ ಪರೋಕ್ಷ ಸಾಕ್ಷ್ಯಗಳೇ ಬೇಕಾಗುತ್ತವೆ.

ಮುಂದಿನ ಕಥೆ ಎಲ್ಲರಿಗೂ ತಿಳಿದದ್ದೇ. ಬಾಯಿಂದ ಬಾಯಿಗೆ ಹರಡಿದ ಮಾತಿನಿಂದ ಚಿತ್ರವು ಚೇತರಿಸಿಕೊಂಡಿತು. ಮುಂಬಯಿಯ ಮಿನರ್ವ ಚಿತ್ರಮಂದಿರದಲ್ಲಿ ಐದು ವರ್ಷಗಳ ಕಾಲ ನಡೆಯಿತು. ಆದರೂ ಆ ವರ್ಷದ ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ಇದಕ್ಕೆ ದೊರೆತದ್ದು ಒಂದೇ, ಎಂ. ಎಸ್. ಶಿಂಧೆಯವರ ಸಂಕಲನಕ್ಕೆ. ಶ್ರೇಷ್ಠ ಚಿತ್ರದ ಪ್ರಶಸ್ತಿಯು ‘ದೀವಾರ್’ಗೆ ಸಂದಿತು, ಅದನ್ನು ಬರೆದವರೂ ಸಲೀಂ–ಜಾವೇದರೇ.

೪

ಈಗ ಧ್ವನಿಮುದ್ರಿಕೆಗಳ ವಿಚಾರ. ಆ ಕಾಲದ ಹಿಂದೀ ಚಿತ್ರೋದ್ಯಮದಲ್ಲಿ ಹಾಡಿನ ತಟ್ಟೆಯೇ ಚಿತ್ರದ ಮುಂದೂತ. ಬಿಡುಗಡೆಗೆ ಮುಂಚೆ ರೇಡಿಯೋದಲ್ಲಿ ಹಾಡು ಕೇಳಿಸಿ, ಜನರ ನಾಲಿಗೆಯ ಮೇಲೆ ನಿಂತು, ಅವರನ್ನು ಚಿತ್ರಮಂದಿರಕ್ಕೆ ಕರೆತರಬೇಕು. ‘ಶೋಲೆ’ಯ ಹಾಡುಗಳ ತಟ್ಟೆಯನ್ನು ಪಾಲಿಡೋರ್ ಕಂಪನಿಯು ಹೊರತಂದಿತು. ಇಬ್ಬರು ಗೆಳೆಯರ ಹಾಡು, ಹೋಳಿಯ ಹಾಡು, ಬರ್ಮನ್ನರು ತಾವೇ ಹಾಡಿದ ‘ಮೆಹಬೂಬಾ’, ಇವೆಲ್ಲ ಅದರಲ್ಲಿದ್ದವು. ಚಿತ್ರದಲ್ಲಿ ಬಳಕೆಯಾಗದೆ ಉಳಿದ ಒಂದು ಕವ್ವಾಲಿಯೂ ಸೇರಿತ್ತು. ಬರ್ಮನ್ನರು ಹಿಂದೀ ಚಿತ್ರಸಂಗೀತಕ್ಕೆ ಪಾಶ್ಚಾತ್ಯ ರಾಕ್ ಸಂಗೀತದ ಲಯವನ್ನೂ ವಾದ್ಯಗಳನ್ನೂ ತಂದವರಲ್ಲಿ ಪ್ರಮುಖರು, ೧೯೬೧ರಿಂದ ಚಿತ್ರರಂಗದಲ್ಲಿದ್ದವರು. ಅವರಿಂದ ಜನ ನಿರೀಕ್ಷಿಸುತ್ತಿದ್ದುದು ಹಾಡಿನ ಗೆಲುವು. ಅದು ಕಂಪನಿಯು ಬಯಸಿದಷ್ಟು ಬರಲಿಲ್ಲ. ತಟ್ಟೆಯ ಮಾರಾಟ ಮೊದಲಲ್ಲಿ ಮಂದವಾಗಿಯೇ ಇತ್ತು.

ಚಿತ್ರ ನೋಡಿ ಹೊರಬಂದವರು ಗುನುಗುತ್ತಿದ್ದುದು ಹಾಡನ್ನಲ್ಲ; ಹೇಳುತ್ತಿದ್ದುದು ಸಂಭಾಷಣೆಯನ್ನು. ದರೋಡೆಕೋರ ಗಬ್ಬರನು ತನ್ನ ಅನುಚರರನ್ನು ಲೆಕ್ಕ ಕೇಳುವ ಸನ್ನಿವೇಶ, ಗೆಳೆಯನಿಗಾಗಿ ಹೆಣ್ಣು ಕೇಳಲು ಹೋದವನು ಅವನನ್ನು ಹೊಗಳುತ್ತಲೇ ತೆಗಳುವ ಸನ್ನಿವೇಶ, ಇವುಗಳ ಮಾತು ಮಾತೂ ಜನರಿಗೆ ಬಾಯಿಪಾಠವಾಯಿತು. ಇದನ್ನು ಕಂಡುಕೊಂಡ ಕಂಪನಿಯು ಆರಿಸಿದ ಸಂಭಾಷಣೆಗಳನ್ನೇ ತಟ್ಟೆಯಾಗಿ ಹೊರಡಿಸಿತು. ಈ ಎರಡನೆಯ ಧ್ವನಿಮುದ್ರಿಕೆಯು ಅಸಾಧಾರಣವಾದ ಪ್ರಚಾರವನ್ನು ಪಡೆಯಿತು. ಪಾನ್ ಅಂಗಡಿಗಳಲ್ಲಿ, ಹೋಟೆಲುಗಳಲ್ಲಿ, ಉತ್ಸವದ ಚಪ್ಪರಗಳಲ್ಲಿ ಧ್ವನಿವರ್ಧಕದ ಮೂಲಕ ಅದು ಕೇಳಿಸಿತು.

ಇದು ಯಂತ್ರದ ದೃಷ್ಟಿಯಿಂದಲೂ ಗಮನಾರ್ಹ. ಹಿಂದಿನ ೭೮ ಸುತ್ತಿನ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಸುತ್ತಿದ್ದುದು ವಿರಳ. ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗುವ ದೀರ್ಘಾವಧಿಯ ತಟ್ಟೆಯಲ್ಲಿ ಮಗ್ಗುಲೊಂದಕ್ಕೆ ಇಪ್ಪತ್ತು ಇಪ್ಪತ್ತೈದು ನಿಮಿಷ ಹಿಡಿಸುತ್ತದೆ. ಮೂರು ಗಂಟೆಗೂ ಮೀರಿದ ಚಿತ್ರವನ್ನು ಇಷ್ಟರಲ್ಲಿ ಅಡಕಮಾಡಬೇಕಾದರೆ ಆಯ್ಕೆ ಅನಿವಾರ್ಯ. ಹೀಗೆ ಆಯ್ದ ಭಾಗಗಳೇ ಜನರ ನೆನಪಿನ ‘ಶೋಲೆ’ಯಾದವು. ಪೂರ್ಣ ಕಾವ್ಯಕ್ಕಿಂತ ಅದರ ಸಂಗ್ರಹವೇ ಪ್ರಚಾರದಲ್ಲಿ ಉಳಿಯುವುದನ್ನು ಸಾಹಿತ್ಯಚರಿತ್ರೆಯಲ್ಲಿಯೂ ಕಾಣುತ್ತೇವಷ್ಟೆ.

ಮತ್ತೊಂದು ಅಂಶ. ಬಂಡೆಯ ಮೇಲೆ ಬೂಟುಗಾಲಿನ ನಡೆ, ಕಲ್ಲಿಗೆ ತಾಗಿ ಉಜ್ಜುವ ಚರ್ಮದ ಪಟ್ಟಿ, ಸಂಜೆಯ ಮೌತ್ ಆರ್ಗನ್, ಜೋಕಾಲಿಯ ಕಿರುಗುಟ್ಟುವಿಕೆ, ಇವೆಲ್ಲ ಈ ಚಿತ್ರದ ಧ್ವನಿಪ್ರಪಂಚಕ್ಕೆ ಸೇರಿದವು. ಇವನ್ನು ಕೇಳಿದವನು ರಾಮನಗರದ ಕಲ್ಲೇ ಮಾತಾಡಿತೆಂದು ಭಾವಿಸುತ್ತಾನೆ. ವಾಸ್ತವವಾಗಿ ಆ ಕಾಲದ ಹಿಂದೀ ಚಿತ್ರಗಳಲ್ಲಿ ಮಾತನ್ನೂ ಸದ್ದನ್ನೂ ಸಾಮಾನ್ಯವಾಗಿ ಸ್ಟುಡಿಯೊಗಳಲ್ಲಿಯೇ ಮತ್ತೆ ಮುದ್ರಿಸುತ್ತಿದ್ದರು. ದೃಶ್ಯವು ನಮ್ಮ ಬೆಟ್ಟದ್ದು, ಶಬ್ದವು ಕೃತಕ; ಎರಡನ್ನೂ ಕೂಡಿಸಿದವನು ಕೇಳುಗನು. ಸ್ವೀಕಾರವೆಂಬುದು ಬರಿಯ ಗ್ರಹಣವಲ್ಲ, ಅದೊಂದು ರಚನೆಯೂ ಹೌದೆಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಿಲ್ಲ.

೫

ಹಾಡು ಹಿಂದೆ ಬಿದ್ದು ಮಾತು ಮುಂದೆ ಬಂದದ್ದೇಕೆ? ಇದನ್ನು ಹೊಸ ವಿಚಿತ್ರವೆಂದು ಬಣ್ಣಿಸುವುದುಂಟು. ಈ ನಾಲ್ಕು ತಾಲ್ಲೂಕುಗಳ ಗ್ರಾಮಜೀವನವನ್ನು ಬಲ್ಲವರಿಗೆ ಹಾಗೆ ತೋರಲಾರದು. ಇಲ್ಲಿನ ಹಳ್ಳಿಗಳಲ್ಲಿ ಸುಗ್ಗಿ ಕಳೆದ ಮೇಲೆ ಪೌರಾಣಿಕ ನಾಟಕಗಳನ್ನಾಡುವ ವಾಡಿಕೆ ಬಹುಕಾಲದಿಂದ ಬಂದದ್ದು. ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ಕೂತು ಮಾತು, ಪದ್ಯಗಳನ್ನು ಕಲಿಸುತ್ತಾರೆ. ಪಾತ್ರಧಾರಿಗಳು ತಾವೇ ಹಣ ಹಾಕಿ ರಂಗಸಜ್ಜಿಕೆ ತರಿಸುತ್ತಾರೆ. ‘ಕುರುಕ್ಷೇತ್ರ’ವು ಬೆಳಗಿನವರೆಗೆ ನಡೆಯುತ್ತದೆ. ಕಥೆ ಎಲ್ಲರಿಗೂ ಗೊತ್ತು. ದುರ್ಯೋಧನನು ಏನು ಹೇಳುತ್ತಾನೆ, ಶಕುನಿ ಹೇಗೆ ನಗುತ್ತಾನೆ ಎಂಬುದೂ ಗೊತ್ತು. ಗೊತ್ತಿರುವುದನ್ನೇ ಈ ಸಲದ ಪಾತ್ರಧಾರಿ ಹೇಗೆ ಒಪ್ಪಿಸುತ್ತಾನೆಂದು ಕೇಳುವುದಕ್ಕಾಗಿ ಜನ ಚಾಪೆ ಹಾಸಿ ಕೂಡುತ್ತಾರೆ. ಮೆಚ್ಚಿದರೆ ‘ವನ್ಸ್ ಮೋರ್’ ಎನ್ನುತ್ತಾರೆ. ಇದಕ್ಕೂ ಹಿಂದಿನ ಮೂಡಲಪಾಯ ಬಯಲಾಟದಲ್ಲಿಯೂ ಪದ ಮುಗಿದೊಡನೆ ಬರುವ ಮಾತಿನ ಓಘಕ್ಕೆ ಇಂಥದೇ ಮನ್ನಣೆ.

ಅಂದರೆ, ಸಂಭಾಷಣೆಯನ್ನು ಹಾಡಿನಂತೆ ಪುನಃಪುನಃ ಕೇಳಿ ಸವಿಯುವ ಕಿವಿಯು ನಮ್ಮ ದೇಶದ ಗ್ರಾಮಾಂತರದಲ್ಲಿ ಮೊದಲೇ ಸಿದ್ಧವಾಗಿತ್ತು. ಉತ್ತರದ ನೌಟಂಕಿ, ರಾಮಲೀಲೆಗಳ ಕೇಳುಗರೂ ಇದೇ ಬಗೆಯವರು. ಗ್ರಾಮಾಫೋನ್ ಕಂಪನಿಗಳು ದಕ್ಷಿಣದಲ್ಲಿ ನಾಟಕದ ಭಾಗಗಳನ್ನೂ ಹರಿಕಥೆಗಳನ್ನೂ ೭೮ ಸುತ್ತಿನ ತಟ್ಟೆಗಳಾಗಿ ಮಾರಿದ್ದು ಈ ಕಿವಿಯನ್ನು ನಂಬಿಯೇ. ‘ಶೋಲೆ’ಯ ಎರಡನೆಯ ತಟ್ಟೆಯು ಅದೇ ಪರಂಪರೆಗೆ ಸೇರಿದ್ದು. ಗಬ್ಬರನ ಮಾತಿನಲ್ಲಿರುವ ನಿಲುಗಡೆ, ಏರಿಳಿತ, ಒಂದೇ ಪದವನ್ನು ಎರಡು ಬಗೆಯಲ್ಲಿ ನುಡಿಯುವ ರೀತಿ, ಇವು ರಂಗಭೂಮಿಯ ಖಳಪಾತ್ರದ ಲಕ್ಷಣಗಳು. ನಗರದ ವಿಮರ್ಶಕನು ಅದನ್ನು ಅಮೆರಿಕದ ಚಿತ್ರಗಳೊಡನೆ ಹೋಲಿಸಿ ಅನುಕರಣವೆಂದನು. ಸಾಮಾನ್ಯ ಪ್ರೇಕ್ಷಕನು ತನಗೆ ಪರಿಚಿತವಾದ ನಾಟಕದೊಡನೆ ಹೋಲಿಸಿ ತನ್ನದೆಂದನು. ಇಬ್ಬರೂ ಹೋಲಿಸಿದವರೇ, ಹೋಲಿಕೆಗೆ ತಂದ ಒರೆಗಲ್ಲು ಬೇರೆ.

೬

ಸ್ವೀಕಾರದ ಈ ಭೇದವನ್ನು ನಮ್ಮ ಆಲಂಕಾರಿಕರು ಗಮನಿಸದೆ ಬಿಟ್ಟಿಲ್ಲ. ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಪ್ರತಿಭೆಯನ್ನು ಎರಡಾಗಿ ವಿಂಗಡಿಸುತ್ತಾನೆ: ಕವಿಗೆ ಉಪಕಾರಕವಾದದ್ದು ಕಾರಯಿತ್ರೀ, ಭಾವಕನಿಗೆ ಉಪಕಾರಕವಾದದ್ದು ಭಾವಯಿತ್ರೀ. ಸವಿಯುವುದಕ್ಕೂ ಪ್ರತಿಭೆ ಬೇಕೆಂಬುದು ಇದರ ತಾತ್ಪರ್ಯ. ಭಾವಕರಲ್ಲಿ ಅವನು ನಾಲ್ಕು ವರ್ಗಗಳನ್ನು ಹೇಳುತ್ತಾನೆ. ಏನನ್ನೂ ಸುಲಭವಾಗಿ ಮೆಚ್ಚದವನು ಅರೋಚಕಿ. ಹುಲ್ಲು ಕಾಳುಗಳ ಭೇದವಿಲ್ಲದೆ ಎಲ್ಲವನ್ನೂ ಮೇಯುವವನು ಸತೃಣಾಭ್ಯವಹಾರಿ. ಗುಣ ಕಂಡರೂ ಒಪ್ಪದವನು ಮತ್ಸರಿ. ತತ್ತ್ವವನ್ನು ಹಿಡಿಯುವವನು ತತ್ತ್ವಾಭಿನಿವೇಶಿ. ಈ ಕೊನೆಯವನು ಸಾವಿರಕ್ಕೊಬ್ಬನಿದ್ದರೆ ಹೆಚ್ಚೆಂದೂ ಅವನ ಅಭಿಪ್ರಾಯ.

೧೯೭೫ರ ವಿಮರ್ಶಕರನ್ನು ಅರೋಚಕಿಗಳೆಂದೂ ಅಭಿಮಾನಿಗಳನ್ನು ಸತೃಣಾಭ್ಯವಹಾರಿಗಳೆಂದೂ ಕರೆದು ಕೈತೊಳೆದುಕೊಳ್ಳುವುದು ಸುಲಭ. ವಿದ್ಯಾರ್ಥಿಗಳು ಈ ಸುಲಭಮಾರ್ಗವನ್ನು ಹಿಡಿಯಬಾರದು. ವಿಮರ್ಶಕರ ಆಕ್ಷೇಪಗಳಲ್ಲಿ ಸತ್ಯಾಂಶವಿತ್ತು. ಜಪಾನಿನ ಕುರೊಸಾವನ ‘ಸೆವೆನ್ ಸಮುರಾಯ್’, ಇಟಲಿಯ ಸೆರ್ಜಿಯೊ ಲಿಯೋನೆಯ ಚಿತ್ರಗಳು ಇವುಗಳ ಋಣವು ‘ಶೋಲೆ’ಯ ಮೇಲೆ ಇರುವುದನ್ನು ಅದರ ಅಭಿಮಾನಿಗಳೂ ಇಂದು ಒಪ್ಪುತ್ತಾರೆ. ವಿಮರ್ಶಕರು ತಪ್ಪಿದ್ದು ಗುರುತಿಸುವಲ್ಲಿ ಅಲ್ಲ, ಬೆಲೆಕಟ್ಟುವಲ್ಲಿ. ಋಣವನ್ನು ಕಂಡೊಡನೆ ವಿಚಾರ ಮುಗಿಯಿತೆಂದು ಬಗೆದದ್ದರಲ್ಲಿ. ಪಂಪನಿಗೆ ವ್ಯಾಸರ ಋಣವಿದೆಯೆಂದು ಹೇಳಿದ ಮಾತ್ರಕ್ಕೆ ಪಂಪನ ವಿಮರ್ಶೆ ಮುಗಿಯುವುದಿಲ್ಲವಲ್ಲ.

ಅಭಿಮಾನಿಗಳ ಕಡೆಗೂ ನ್ಯಾಯವಾಗಿ ನೋಡಬೇಕು. ವಿಮರ್ಶಕನು ಒಮ್ಮೆ ನೋಡಿ ಮರುದಿನ ಬರೆಯಬೇಕಾದವನು. ಅಭಿಮಾನಿಯು ತಟ್ಟೆಯನ್ನು ನೂರು ಸಲ ಕೇಳುವವನು. ನೂರು ಸಲ ಕೇಳಿದರೂ ಸವೆಯದ ಮಾತು ಯಾವುದೆಂದು ಅವನಿಗೆ ಗೊತ್ತಾಗುತ್ತದೆ. ಒಮ್ಮೆ ಕೇಳಿದವನಿಗೆ ಅದು ಗೊತ್ತಾಗಲಾರದು. ಆದರೆ ಅದೇ ಆವೃತ್ತಿಯು ಅಭ್ಯಾಸವನ್ನು ಹುಟ್ಟಿಸುತ್ತದೆ. ಅಭ್ಯಾಸವು ದೋಷವನ್ನು ಮರೆಸುತ್ತದೆ. ಚಿತ್ರದಲ್ಲಿ ಸಡಿಲವಾದ ಹಾಸ್ಯಪ್ರಸಂಗಗಳಿಲ್ಲವೆ ಎಂದು ಕೇಳಿದರೆ ಅಭಿಮಾನಿಯು ಅವನ್ನೂ ಬಾಯಿಪಾಠ ಒಪ್ಪಿಸುತ್ತಾನೆಯೇ ಹೊರತು ಉತ್ತರ ಹೇಳುವುದಿಲ್ಲ. ಮೊದಲ ಕೇಳುವಿಕೆಯ ಎಚ್ಚರ, ನೂರನೆಯ ಕೇಳುವಿಕೆಯ ಪರಿಚಯ, ಇವೆರಡೂ ಒಬ್ಬನಲ್ಲಿ ಕೂಡಿದಾಗ ಮಾತ್ರ ತತ್ತ್ವಾಭಿನಿವೇಶಿ ಹುಟ್ಟುತ್ತಾನೆ.

೭

ಇದೇ ಸೀಮೆಯ ಇನ್ನೊಂದು ಉದಾಹರಣೆಯನ್ನು ಹೋಲಿಕೆಗೆ ತರಬಹುದು. ಬ್ರಿಟಿಷ್ ನಿರ್ದೇಶಕ ಡೇವಿಡ್ ಲೀನರು ೧೯೭೦ರಲ್ಲಿ ಹೊರತಂದ ‘ರಾಯನ್ಸ್ ಡಾಟರ್’ ಚಿತ್ರವನ್ನು ವಿಮರ್ಶಕರು ಕಠಿನವಾಗಿ ಖಂಡಿಸಿದರು. ಅದಾದ ಮೇಲೆ ಹದಿನಾಲ್ಕು ವರ್ಷ ಅವರ ಕಥಾಚಿತ್ರ ಬರಲಿಲ್ಲ. ೧೯೮೪ರಲ್ಲಿ, ತಮ್ಮ ಎಪ್ಪತ್ತಾರನೆಯ ವಯಸ್ಸಿನಲ್ಲಿ, ಇ. ಎಂ. ಫಾರ್ಸ್ಟರರ ಕಾದಂಬರಿಯನ್ನಾಧರಿಸಿದ ‘ಎ ಪ್ಯಾಸೇಜ್ ಟು ಇಂಡಿಯಾ’ ಹೊರಬಂದಿತು. ಕಾದಂಬರಿಯ ಮರಾಬಾರ್ ಗುಹೆಗಳಿಗೆ ಮೂಲ ಬಿಹಾರದ ಬರಾಬರ್ ಬೆಟ್ಟ. ಚಿತ್ರದಲ್ಲಿ ಅವುಗಳ ಸ್ಥಾನ ಪಡೆದದ್ದು ಮಾಗಡಿಯ ಸಾವನದುರ್ಗ ಮತ್ತು ರಾಮನಗರದ ಬಂಡೆಗಳು. ಈ ಬಾರಿ ವಿಮರ್ಶಕರು ಬಹುಮಟ್ಟಿಗೆ ಮೆಚ್ಚಿದರು. ಚಿತ್ರವು ಹನ್ನೊಂದು ಆಸ್ಕರ್ ನಾಮನಿರ್ದೇಶನಗಳನ್ನು ಪಡೆದು, ಪೆಗ್ಗಿ ಆಶ್‌ಕ್ರಾಫ್ಟರ ಅಭಿನಯಕ್ಕೂ ಮೋರಿಸ್ ಜಾರ್‌ರ ಸಂಗೀತಕ್ಕೂ ಪ್ರಶಸ್ತಿ ಗಳಿಸಿತು. ಅತೃಪ್ತಿ ಬಂದದ್ದು ಕಾದಂಬರಿಯ ನಿಷ್ಠಾವಂತ ಓದುಗರಿಂದ: ಮುಕ್ತಾಯವನ್ನು ಮೃದುಮಾಡಲಾಗಿದೆ, ಗೋಡ್‌ಬೋಲೆಯ ಪಾತ್ರಕ್ಕೆ ಆಂಗ್ಲ ನಟನನ್ನು ಹಾಕಲಾಗಿದೆ ಎಂದು. ‘ಶೋಲೆ’ಯಲ್ಲಿ ಕಂಡ ಚಿತ್ರವು ಇಲ್ಲಿ ತಿರುಗುಮುರುಗಾಯಿತು.

ಹಿರಿಯ ಕಲಾವಿದನ ಹೊಸ ಕೃತಿಗೆ ಈ ತೊಡಕು ಎಲ್ಲ ಕಡೆಯೂ ಇದ್ದದ್ದೇ. ೧೯೬೨ರಲ್ಲಿ ಹುಟ್ಟಿದ ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ಸಂಗೀತ ತಂಡವು ೨೦೦೫ರ ಬಳಿಕ ಮೊದಲ ಬಾರಿಗೆ ಸ್ವಂತ ಹೊಸ ಹಾಡುಗಳ ಸಂಪುಟವನ್ನು ಹೊರತಂದದ್ದು ೨೦೨೩ರಲ್ಲಿ. ಇಂಥ ಸಂಪುಟದ ಮುಂದೆ ಕೂತ ವಿಮರ್ಶಕನಿಗೆ ಎರಡು ಕೇಳ್ವಿಗಳು ಕಾದಿರುತ್ತವೆ. ಹಳೆಯದರಂತಿದ್ದರೆ ಹೊಸತೇನು? ಹೊಸದಾಗಿದ್ದರೆ ಇದು ಅವರದೇ ಎನ್ನುವುದು ಹೇಗೆ? ಅಭಿಮಾನಿಗೆ ಈ ಕೇಳ್ವಿಗಳಿಗಿಂತ ಪರಿಚಿತ ಕಂಠವು ಮತ್ತೆ ಕೇಳಿಸಿತೆಂಬುದೇ ಮುಖ್ಯ. ಇಲ್ಲಿಯೂ ಕೃತಿಯನ್ನು ಅದರ ಹಿಂದಿನ ಕೃತಿಗಳ ನೆನಪಿನಿಂದ ಬೇರ್ಪಡಿಸಿ ಕೇಳುವವರು ವಿರಳ.

೮

ಕಾಲಾಂತರದಲ್ಲಿ ‘ಶೋಲೆ’ಯ ಬಗ್ಗೆ ವಿಮರ್ಶೆಯ ತೀರ್ಪು ತಿದ್ದಿಕೊಂಡಿತು. ೨೦೦೨ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ನಡೆಸಿದ ಮತಗಣನೆಯಲ್ಲಿ ಭಾರತದ ಹತ್ತು ಶ್ರೇಷ್ಠ ಚಿತ್ರಗಳ ಪೈಕಿ ಇದಕ್ಕೆ ಮೊದಲ ಸ್ಥಾನ ಬಂದಿತು. ಒಂದೇ ಪ್ರಶಸ್ತಿ ಕೊಟ್ಟಿದ್ದ ಫಿಲ್ಮ್‌ಫೇರ್ ಸಂಸ್ಥೆಯೇ ೨೦೦೫ರಲ್ಲಿ ಇದನ್ನು ಐವತ್ತು ವರ್ಷಗಳ ಶ್ರೇಷ್ಠ ಚಿತ್ರವೆಂದು ಗೌರವಿಸಿತು. ೨೦೨೫ರ ಜೂನಿನಲ್ಲಿ, ಐವತ್ತನೆಯ ವರ್ಷದ ಸಂದರ್ಭದಲ್ಲಿ, ಫಿಲ್ಮ್ ಹೆರಿಟೇಜ್ ಫೌಂಡೇಷನ್ನಿನ ಶ್ರಮದಿಂದ ಪುನರುಜ್ಜೀವನಗೊಂಡ ಪ್ರತಿಯು ಇಟಲಿಯ ಬೊಲೋನ್ಯ ನಗರದ ಉತ್ಸವದಲ್ಲಿ ಪ್ರದರ್ಶಿತವಾಯಿತು. ಅದರಲ್ಲಿ ೧೯೭೫ರಲ್ಲಿ ತಡೆಹಿಡಿದಿದ್ದ ಮೂಲ ಮುಕ್ತಾಯವಿದೆ. ಗಮನಿಸಬೇಕಾದ ಸಂಗತಿಯೆಂದರೆ, ಅರ್ಧ ಶತಮಾನ ಕಾಲ ವಿಮರ್ಶಕರೂ ಅಭಿಮಾನಿಗಳೂ ವಾದಿಸಿದ್ದು ಕರ್ತೃವು ಉದ್ದೇಶಿಸದ ಮುಕ್ತಾಯವುಳ್ಳ ಪಾಠವನ್ನು ಹಿಡಿದು. ಗ್ರಂಥಸಂಪಾದನೆಯನ್ನು ಅಭ್ಯಾಸಮಾಡುವವರಿಗೆ ಇದರ ಮಹತ್ವ ಹೇಳಬೇಕಾಗಿಲ್ಲ. ಯಾವ ಪಾಠದ ಮೇಲೆ ತೀರ್ಪು ಎಂಬುದು ತೀರ್ಪಿಗಿಂತ ಮೊದಲಿನ ಪ್ರಶ್ನೆ.

ಹಾಗಾದರೆ ಜನರ ತೀರ್ಪೇ ಸರಿಯಾಯಿತೆ? ಹಾಗೆ ತೀರ್ಮಾನಿಸುವುದು ಅವಸರ. ಜನ ಮೆಚ್ಚಿದ ಅನೇಕ ಚಿತ್ರಗಳನ್ನು ಜನರೇ ಮರೆತಿದ್ದಾರೆ. ಐವತ್ತು ವರ್ಷ ಉಳಿದದ್ದು ಜನಪ್ರಿಯತೆಯ ಪ್ರಮಾಣದಿಂದಲ್ಲ, ಕೃತಿಯ ಯಾವುದೋ ಗುಣದಿಂದ. ಆ ಗುಣವು ಮಾತಿನ ಶಿಲ್ಪವೆಂದು ಎರಡನೆಯ ಧ್ವನಿಮುದ್ರಿಕೆಯು ಸೂಚಿಸಿತು. ಆ ಸೂಚನೆಯನ್ನು ಮೊದಲು ಓದಿಕೊಂಡವರು ವಿಮರ್ಶಕರಲ್ಲ, ತಟ್ಟೆಯ ವ್ಯಾಪಾರಿಗಳು ಎಂಬುದು ನಮ್ಮಂಥ ಅಧ್ಯಾಪಕರು ಯೋಚಿಸಬೇಕಾದ ವಿಷಯ.

೯

ಕೊನೆಯದಾಗಿ, ಇನ್ನೂ ಆಗಬೇಕಾದ ಕೆಲಸವನ್ನು ಸೂಚಿಸಬೇಕು. ‘ಶೋಲೆ’ಯ ಸ್ವೀಕಾರದ ಚರಿತ್ರೆಯನ್ನು ಮುಂಬಯಿಯ ದೃಷ್ಟಿಯಿಂದಲೇ ಹೆಚ್ಚಾಗಿ ಬರೆದಿದ್ದಾರೆ. ಬೆಟ್ಟದ ಕೆಳಗಿನ ಜನ ಅದನ್ನು ಹೇಗೆ ಕಂಡರು? ಹಿಂದೀ ತಿಳಿಯದ ಕಿವಿಗೆ ಆ ಸಂಭಾಷಣೆಯಲ್ಲಿ ಹಿಡಿಸಿದ್ದೇನು, ಅರ್ಥವೋ ನಾದವೋ? ಧ್ವನಿವರ್ಧಕದ ‘ಮೈಕ್‌ಸೆಟ್’ ಇಟ್ಟಿದ್ದವರು ಕನಕಪುರ, ಮಾಗಡಿಗಳ ಜಾತ್ರೆಯಲ್ಲಿ ಯಾವ ತಟ್ಟೆ ಹಾಕುತ್ತಿದ್ದರು? ‘ಕುರುಕ್ಷೇತ್ರ’ದ ಶಕುನಿ ಪಾತ್ರಧಾರಿಯ ನಗೆಯಲ್ಲಿ ಗಬ್ಬರನ ನಗೆ ಎಂದಾದರೂ ಬೆರೆಯಿತೆ? ಸಂಕೋಚಪಡದೆ ಕೇಳಬೇಕಾದ ಪ್ರಶ್ನೆಗಳಿವು. ಎಚ್. ಎಲ್. ನಾಗೇಗೌಡರು ೧೯೯೪ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ನೆಲೆಗೊಳಿಸಿ, ಹಳ್ಳಿಗರ ಕಂಠದಲ್ಲಿರುವುದನ್ನು ಉಳಿಸುವ ಮಾರ್ಗವನ್ನು ತೋರಿಸಿಕೊಟ್ಟಿದ್ದಾರೆ. ಸಿನಿಮಾದ ಮಾತೂ ಇಂದು ಆ ಕಂಠದಲ್ಲಿಯೇ ಸೇರಿಕೊಂಡಿದೆ.

ರಾಮದೇವರ ಬೆಟ್ಟವು ೨೦೧೨ರಿಂದ ರಣಹದ್ದುಗಳ ರಕ್ಷಿತ ಧಾಮ. ಕಟ್ಟಿದ ಹಳ್ಳಿಯ ಕುರುಹು ಅಲ್ಲಿ ಉಳಿದಿಲ್ಲ. ಆ ಹಳ್ಳಿಯನ್ನು ಕಣ್ಣಾರೆ ಕಂಡವರು, ಅಲ್ಲಿ ಕೂಲಿ ಮಾಡಿದವರು ಇನ್ನೂ ಕೆಲವರಿದ್ದಾರೆ. ೧೯೭೩ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳ ವಿದ್ಯಾರ್ಥಿಗಳು ಪ್ರಶ್ನಾವಳಿಯನ್ನೂ ಧ್ವನಿಗ್ರಾಹಕವನ್ನೂ ಹಿಡಿದು ಒಂದು ಬೇಸಿಗೆಯನ್ನು ಇದಕ್ಕಾಗಿ ಮೀಸಲಿಟ್ಟರೆ, ಮುಂಬಯಿಯ ಪತ್ರಿಕೆಗಳಲ್ಲಿ ದೊರೆಯದ ಮೂರನೆಯ ತೀರ್ಪೊಂದು ನಮಗೆ ದೊರೆತೀತು. ಅದನ್ನು ದಾಖಲಿಸಲು ಉಳಿದಿರುವ ಕಾಲ ಹೆಚ್ಚಿಲ್ಲ.